ನೋಟದ ಋಣ

ಮನುಷ್ಯನ ಗುಣವನ್ನು ಅರಿಯಬೇಕಾದರೆ ಅವನ ದುಡಿಮೆಯನ್ನು ಮಾತ್ರ ನೋಡಿದರೆ ಸಾಲದು; ಅವನ ವಿರಾಮವನ್ನೂ ನೋಡಬೇಕು. ದುಡಿಮೆಯಲ್ಲಿ ಅವನ ಮೇಲೆ ಯಜಮಾನನ ಕಣ್ಣಿರುತ್ತದೆ, ಲಾಭನಷ್ಟಗಳ ಲೆಕ್ಕವಿರುತ್ತದೆ. ವಿರಾಮದಲ್ಲಿ ಅವನು ತನ್ನ ಇಚ್ಛೆಯಂತೆ ನಡೆಯುವವನು. ಆಗ ಅವನು ಯಾವುದರಿಂದ ಸಂತೋಷಪಡುತ್ತಾನೆ, ಆ ಸಂತೋಷದ ಬೆಲೆಯನ್ನು ತೆರುವವರು ಯಾರು ಎಂಬುದನ್ನು ವಿಚಾರಿಸಿದರೆ ಅವನ ಅಂತರಂಗವು ತಾನಾಗಿ ಗೋಚರಿಸುತ್ತದೆ. ಸಂಸಾರಸಮೇತರಾಗಿ ಅರ್ಧ ದಿನದ ವಿಹಾರಕ್ಕೆ ಹೋಗಿಬರುವುದು ಅತಿ ಸಾಮಾನ್ಯವಾದ ಸಂಗತಿ. ಅದರಲ್ಲಿ ಧರ್ಮಾಧರ್ಮಗಳ ವಿಚಾರವೇನಿದೆ ಎಂದು ಕೇಳುವವರು ಇರಬಹುದು. ಆದರೆ ವಿಹಾರದ ಸ್ಥಳದಲ್ಲಿ ದೋಣಿ, ಜಾರುಬಂಡೆಗಳ ಜೊತೆಗೆ ಬೇಲಿಯೊಳಗೆ ಒಂದು ಜೀವಂತ ಹುಲಿಯೂ ಇದ್ದರೆ, ಕೇಳದಿದ್ದರೂ ಪ್ರಶ್ನೆಯು ಏಳುತ್ತದೆ.

ಮಂಗಳೂರಿನ ಹೊರವಲಯದಲ್ಲಿ, ವಾಮಂಜೂರಿನ ಬಳಿಯಲ್ಲಿ, ಪಿಲಿಕುಳ ನಿಸರ್ಗಧಾಮವಿದೆ. ತುಳು ಭಾಷೆಯಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹಿಂದೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಾದುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಆ ಕೆರೆಯ ಸುತ್ತಲಿನ ವಿಶಾಲವಾದ ಗುಡ್ಡಗಾಡು ಪ್ರದೇಶದಲ್ಲಿ ದೋಣಿವಿಹಾರದ ವ್ಯವಸ್ಥೆ, ಮಾನಸ ಎಂಬ ನೀರಾಟದ ಉದ್ಯಾನ, ವಿಜ್ಞಾನ ಕೇಂದ್ರ, ಸ್ವಾಮಿ ವಿವೇಕಾನಂದರ ಹೆಸರಿನ ತಾರಾಲಯ, ಕುಂಬಾರ ನೇಕಾರರ ಕಸುಬುಗಳನ್ನು ತೋರಿಸುವ ಕುಶಲಕರ್ಮಿಗಳ ಗ್ರಾಮ, ತುಳುನಾಡಿನ ಗುತ್ತಿನ ಮನೆಯ ಮಾದರಿ ಇವೆಲ್ಲವೂ ಒಂದೊಂದಾಗಿ ರೂಪುಗೊಂಡವು. ಇವುಗಳ ನಡುವೆಯೇ ಡಾ. ಶಿವರಾಮ ಕಾರಂತರ ಹೆಸರನ್ನು ಹೊತ್ತ ಜೈವಿಕ ಉದ್ಯಾನವಿದೆ. ಹುಲಿ, ಚಿರತೆ, ಜಿಂಕೆ, ಮೊಸಳೆ, ಹಾವುಗಳು ಅಲ್ಲಿ ನೆಲೆಸಿವೆ. ಕನ್ನಡದ ಮಕ್ಕಳಿಗೆ ಜಗತ್ತನ್ನು ಪರಿಚಯ ಮಾಡಿಕೊಡಬೇಕೆಂದು ಬಾಲಪ್ರಪಂಚವನ್ನು ರಚಿಸಿದ ಹಿರಿಯರ ಹೆಸರು ಇಂತಹ ಸ್ಥಳಕ್ಕೆ ಉಚಿತವಾದುದೇ. ಒಂದು ಕಾಲದಲ್ಲಿ ಹುಲಿಯು ತಾನಾಗಿ ಬಂದು ನೀರು ಕುಡಿದು ತಾನಾಗಿ ಹೋಗುತ್ತಿದ್ದ ಕೊಳದ ಬಳಿ ಈಗ ಮನುಷ್ಯನು ತಾನಾಗಿ ಬಂದು ಹೋಗುತ್ತಾನೆ. ಹುಲಿ ಮಾತ್ರ ಹೋಗುವುದಿಲ್ಲ. ಇಲ್ಲಿಂದಲೇ ವಿಚಾರವು ಆರಂಭವಾಗುತ್ತದೆ.

ಘಟ್ಟದ ಮೇಲಿನಿಂದ, ಚನ್ನಗಿರಿಯ ಕಡೆಯಿಂದ ಬಂದ ಒಂದು ಒಕ್ಕಲುತನದ ಮನೆಯವರನ್ನು ಮನಸ್ಸಿಗೆ ತಂದುಕೊಳ್ಳಬಹುದು. ಹಿರಿಯ ಮಗಳನ್ನು ಮಂಗಳೂರಿನ ಕಾಲೇಜಿಗೆ ಸೇರಿಸುವುದಕ್ಕಾಗಿ ಅವರು ಬಂದಿದ್ದಾರೆ. ಕೆಲಸವು ಬೆಳಗಿನಲ್ಲಿಯೇ ಮುಗಿದಿದೆ. ಊರಿಗೆ ಹೋಗುವ ಬಸ್ಸು ರಾತ್ರಿಗೆ. ತಂದೆ, ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಎಂಟು ವರ್ಷದ ಹುಡುಗ. ಅಕ್ಕನನ್ನು ವಸತಿನಿಲಯದಲ್ಲಿ ಬಿಟ್ಟುಬಂದ ಹುಡುಗನ ಮುಖ ಬಾಡಿದೆ. ಅವನನ್ನು ಸ್ವಲ್ಪ ನಗಿಸಬೇಕೆಂದು ತಂದೆಯು ಎಲ್ಲರನ್ನೂ ಪಿಲಿಕುಳಕ್ಕೆ ಕರೆದುಕೊಂಡು ಬರುತ್ತಾನೆ. ಅವರಿಗಿರುವುದು ಮೂರು ಗಂಟೆಗಳ ಅವಕಾಶ. ಈ ಉದ್ದೇಶದಲ್ಲಿ ದೋಷವೇನೂ ಇಲ್ಲ. ಮಕ್ಕಳನ್ನು ನಗಿಸುವುದು ಗೃಹಸ್ಥನ ಕರ್ತವ್ಯಗಳಲ್ಲಿ ಒಂದು.

ಹುಡುಗನು ಮೊದಲು ನೀರಿನ ಜಾರುಬಂಡೆಯ ಮೇಲೆ ಜಾರಿದನು. ಹಣ ಕೊಟ್ಟೊಡನೆ ಬಾಗಿಲು ತೆರೆಯಿತು, ನೀರು ಹರಿಯಿತು, ಬೇಕೆಂದಷ್ಟು ಸಲ ಜಾರಿದ್ದಾಯಿತು. ಅನಂತರ ದೋಣಿಯಲ್ಲಿ ಕುಳಿತನು. ತುಳಿದರೆ ಮುಂದಕ್ಕೆ ಹೋಯಿತು, ತುಳಿಯುವುದನ್ನು ಬಿಟ್ಟರೆ ನಿಂತಿತು. ಆಮೇಲೆ ಹುಲಿಯ ಬೇಲಿಯ ಮುಂದೆ ಬಂದು ನಿಂತನು. ಹುಲಿಯು ದೂರದ ಮರದ ನೆರಳಿನಲ್ಲಿ, ಜನರಿಗೆ ಬೆನ್ನು ಮಾಡಿ ಮಲಗಿತ್ತು. ಹುಡುಗನು ಐದು ನಿಮಿಷ ಕಾದನು. ಬಳಿಕ ಸಿಳ್ಳೆ ಹಾಕಿದನು. ಪಕ್ಕದಲ್ಲಿದ್ದ ಬೇರೆ ಸಂಸಾರದ ದೊಡ್ಡವರು ಚಪ್ಪಾಳೆ ತಟ್ಟಿ ಕೂಗಿದರು. ಹುಲಿಯ ಕಿವಿಯೊಂದು ಅಲುಗಿತೇ ಹೊರತು ಅದು ಏಳಲಿಲ್ಲ. ಹುಡುಗನು ನೆಲದಿಂದ ಒಂದು ಸಣ್ಣ ಕಲ್ಲನ್ನು ಎತ್ತಿಕೊಂಡು ತಂದೆಯ ಮುಖವನ್ನು ನೋಡಿದನು. “ಅಪ್ಪಾಜಿ, ನಾವು ದುಡ್ಡು ಕೊಟ್ಟಿದ್ದೇವಲ್ಲ, ಅದು ಏಕೆ ಏಳುವುದಿಲ್ಲ?”

ಬಾಲಕನ ಈ ಮಾತನ್ನು ಕೇಳಿ ನಕ್ಕು ಸುಮ್ಮನಾಗುವಂತಿಲ್ಲ. ಅವನು ತನ್ನ ಅನುಭವದಿಂದ ಸರಿಯಾಗಿಯೇ ತರ್ಕಿಸಿದ್ದಾನೆ. ಆ ದಿನ ಅವನು ಕಂಡ ಎಲ್ಲ ವಸ್ತುಗಳೂ ಹಣಕ್ಕೆ ಓಗೊಟ್ಟವು. ಅದೇ ಆವರಣದ ಹುಲಿಯೂ ಹಾಗೆಯೇ ಓಗೊಡಬೇಕೆಂದು ಅವನು ಎಣಿಸಿದರೆ ತಪ್ಪು ಅವನದಲ್ಲ. ಆಟದ ಯಂತ್ರವನ್ನೂ ಜೀವವನ್ನೂ ಒಂದೇ ವಿಹಾರದಲ್ಲಿ, ಒಂದೇ ಮನಸ್ಸಿನಿಂದ ನೋಡಿಸಿದವರು ಹಿರಿಯರು. ಯಂತ್ರವು ಆಡಿಸುವವನಿಗಾಗಿಯೇ ಹುಟ್ಟಿದ್ದು. ಹುಲಿಯು ನೋಡುವವನಿಗಾಗಿ ಹುಟ್ಟಿದುದಲ್ಲ. ಈ ಭೇದವನ್ನು ಮಗುವಿಗೆ ಯಾರೂ ಹೇಳಲಿಲ್ಲ. ಹೇಳದೆ ಇದ್ದುದರಿಂದ ಅದರ ಕೈಗೆ ಕಲ್ಲು ಬಂದಿತು. ತಂದೆಯೂ ಆ ಹೊತ್ತಿನಲ್ಲಿ ಟಿಕೆಟ್ಟಿನ ಹಣ ವ್ಯರ್ಥವಾಯಿತೆಂದೇ ಯೋಚಿಸುತ್ತಿದ್ದನು. ಆದರೂ ಕಲ್ಲನ್ನು ಕೆಳಗೆ ಹಾಕಿಸುವಷ್ಟು ವಿವೇಕ ಅವನಲ್ಲಿತ್ತು.

ಹುಲಿಯು ಸಾಮಾನ್ಯವಾಗಿ ಮುಸ್ಸಂಜೆಯಲ್ಲಿಯೂ ಇರುಳಿನಲ್ಲಿಯೂ ಸಂಚರಿಸಿ ಬೇಟೆಯಾಡುವ ಪ್ರಾಣಿ. ಹಗಲಿನ ಬಹುಭಾಗವನ್ನು ನೆರಳಿನಲ್ಲಿ ಮಲಗಿ ಕಳೆಯುತ್ತದೆ. ಕಾಡಿನಲ್ಲಿ ಒಂದೊಂದು ಹುಲಿಗೂ ಹತ್ತಾರು ಚದರ ಕಿಲೋಮೀಟರುಗಳ ಸ್ವಂತ ಸೀಮೆಯಿರುತ್ತದೆ. ಬೇಲಿಯೊಳಗಿನ ಜಾಗವು ಎಷ್ಟೇ ವಿಶಾಲವಾಗಿದ್ದರೂ ಅದರ ಒಂದು ಮೂಲೆಗೂ ಸಮನಾಗದು. ಇಕ್ಕಟ್ಟಿನಲ್ಲಿ ಬೆಳೆದ ಪ್ರಾಣಿಗಳು ಒಂದೇ ಜಾಡಿನಲ್ಲಿ ಹಿಂದಕ್ಕೂ ಮುಂದಕ್ಕೂ ಗಂಟೆಗಟ್ಟಲೆ ಅಡ್ಡಾಡುವುದನ್ನು ಪ್ರಾಣಿಶಾಸ್ತ್ರಜ್ಞರು ಗುರುತಿಸಿದ್ದಾರೆ. ನೋಡುವವರು ಅದನ್ನು ಉತ್ಸಾಹವೆಂದು ತಿಳಿದು ಹಿಗ್ಗುತ್ತಾರೆ. ವಾಸ್ತವದಲ್ಲಿ ಅದು ಮನಸ್ಸಿನ ಬೇನೆಯ ಲಕ್ಷಣ. ನೋಡುವವನ ಭೇಟಿಯು ಕೆಲವು ನಿಮಿಷಗಳದು, ನೋಡಿಸಿಕೊಳ್ಳುವ ಪ್ರಾಣಿಗೆ ಅದು ಇಡೀ ಆಯುಷ್ಯ. ಒಬ್ಬ ಹುಡುಗನು ಒಂದು ಸಲ ಸಿಳ್ಳೆ ಹಾಕಿದರೆ ಏನಾಯಿತು ಎಂಬ ಸಮಾಧಾನವು ಇಲ್ಲಿ ಸಲ್ಲದು. ಹುಡುಗನಿಗೆ ಅದು ಒಂದು ಸಿಳ್ಳೆ. ಹುಲಿಗೆ ಅದು ಆ ದಿನದ ನೂರನೆಯದು, ಆ ವರ್ಷದ ಎಷ್ಟು ಸಾವಿರದ್ದೋ.

ಹಾಗಾದರೆ ಮೃಗಾಲಯಗಳೆಲ್ಲವನ್ನೂ ಮುಚ್ಚಿ ಪ್ರಾಣಿಗಳನ್ನು ಕಾಡಿಗೆ ಬಿಟ್ಟುಬಿಡುವುದೇ ಧರ್ಮವಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೇಳುವುದಕ್ಕೆ ಸುಲಭವಾದ ಈ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಲ್ಲ. ಅಜ್ಜಿಯು ಎಳೆಯ ಪ್ರಾಯದಲ್ಲಿ ದಾವಣಗೆರೆಗೆ ಬಂದ ಸರ್ಕಸ್ಸಿನಲ್ಲಿ ಹುಲಿಯು ಬೆಂಕಿಯ ಬಳೆಯನ್ನು ಹಾರಿದುದನ್ನು ಕಂಡವಳು. ಬೇಲಿಯ ಮುಂದೆ ನಿಂತು ಆಕೆ ಆ ಕಥೆಯನ್ನೇ ಮೊಮ್ಮಗನಿಗೆ ಹೇಳಿದಳು. ಈಗ ಅಂತಹ ಆಟವಿಲ್ಲ. 1998ರಲ್ಲಿ ಕೇಂದ್ರ ಸರ್ಕಾರವು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಮೇರೆಗೆ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನು ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ಎತ್ತಿಹಿಡಿಯಿತು. ಸರ್ಕಸ್ಸಿನಿಂದ ಬಿಡುಗಡೆಯಾದ ಪ್ರಾಣಿಗಳಿಗೆ ಕಾಡಿನಲ್ಲಿ ಬೇಟೆಯಾಡಿ ಬದುಕುವುದು ತಿಳಿಯದು. ಅವುಗಳಲ್ಲಿ ಹಲವಕ್ಕೆ ಬೆಂಗಳೂರಿನ ಬನ್ನೇರುಘಟ್ಟವು ಆಶ್ರಯವಾಯಿತು. ಮೂಗಿಗೆ ಹಗ್ಗ ಪೋಣಿಸಿ, ಕೋರೆಹಲ್ಲು ಮುರಿದು ಬೀದಿಬೀದಿಗಳಲ್ಲಿ ಕುಣಿಸುತ್ತಿದ್ದ ಕರಡಿಗಳಿಗಾಗಿ 2005ರಲ್ಲಿ ಅಲ್ಲಿಯೇ ಒಂದು ರಕ್ಷಣಾ ಕೇಂದ್ರವು ಆರಂಭವಾಯಿತು. ಹಲ್ಲಿಲ್ಲದ ಕರಡಿಯನ್ನು ಕಾಡಿಗೆ ಬಿಟ್ಟರೆ ಅದು ಬಿಡುಗಡೆಯಲ್ಲ, ಮರಣವೇ. ಮನುಷ್ಯನು ಕೆಡಿಸಿದ ಬಾಳನ್ನು ಮನುಷ್ಯನೇ ಕೊನೆಯವರೆಗೂ ಸಾಕಬೇಕು. ಇಂತಹ ಕಡೆಗಳಲ್ಲಿ ಬೇಲಿಯು ಸೆರೆಮನೆಯಲ್ಲ, ಪ್ರಾಯಶ್ಚಿತ್ತದ ಮನೆ.

ಇನ್ನೊಂದು ಕಾರ್ಯವೂ ಉಂಟು. ಪಿಲಿಕುಳವು ಹೆಸರು ಪಡೆದಿರುವುದು ಹುಲಿಯಿಂದಾದರೂ ಪ್ರಾಣಿತಜ್ಞರಲ್ಲಿ ಖ್ಯಾತಿ ಗಳಿಸಿದುದು ಕಾಳಿಂಗ ಸರ್ಪದಿಂದ. ಅಲ್ಲಿ ಈ ಸರ್ಪವನ್ನು ಮನುಷ್ಯನ ರಕ್ಷಣೆಯಲ್ಲಿ ಸಾಕಿ ಸಂತಾನಾಭಿವೃದ್ಧಿ ಮಾಡಿಸುವ ಪ್ರಯತ್ನವು ಫಲಿಸಿ, ಮೊಟ್ಟೆಗಳು ಒಡೆದು ಮರಿಗಳಾದವು. ಹಾವುಗಳಲ್ಲಿ ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟುವುದು ಇದೊಂದೇ. ಹೆಣ್ಣು ತನ್ನ ಮೊಟ್ಟೆಗಳನ್ನು ಕಾಯುತ್ತ ಗೂಡಿನ ಬಳಿಯೇ ಇರುತ್ತದೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಈ ಸರ್ಪವು ಬೇರೆಡೆಯವುಗಳಿಗಿಂತ ಭಿನ್ನವಾದ ಸ್ವತಂತ್ರ ಜಾತಿಯೆಂದು ತೋರಿಸಿ, ಅದರ ಶಾಸ್ತ್ರೀಯ ಹೆಸರಿನಲ್ಲಿ ಕಾಳಿಂಗ ಎಂಬ ಕನ್ನಡದ ಮಾತನ್ನೇ ಸೇರಿಸಿದರು. ಕಂಡಲ್ಲಿ ಕೊಲ್ಲಬೇಕೆನಿಸುವ ಪ್ರಾಣಿಯೊಂದು ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆಂದು ಒಬ್ಬ ತಾಯಿಯು ತಿಳಿದು, ಮನೆಗೆ ಹೋಗಿ ನೆರೆಯವಳಿಗೆ ಹೇಳಿದರೆ, ಆ ಭೇಟಿಯು ಸಾರ್ಥಕವಾಯಿತು.

ಇವೆಲ್ಲವೂ ಮೃಗಾಲಯವನ್ನು ಸಮರ್ಥಿಸುವ ಮಾತುಗಳು. ಆದರೆ ಮೃಗಾಲಯವು ಸಮರ್ಥನೀಯವಾದ ಮಾತ್ರಕ್ಕೆ ಅಲ್ಲಿಗೆ ಹೋಗುವವನ ನಡತೆಯು ಸಮರ್ಥನೀಯವಾಗುವುದಿಲ್ಲ. ಆಸ್ಪತ್ರೆಯು ಒಳ್ಳೆಯದೆಂದ ಮಾತ್ರಕ್ಕೆ ರೋಗಿಯ ಮಂಚದ ಬಳಿ ನಿಂತು ಗದ್ದಲ ಮಾಡುವುದು ಒಳ್ಳೆಯದಾದೀತೇ? ನೋಡುವವನ ಧರ್ಮವನ್ನು ಬೇರೆಯಾಗಿಯೇ ವಿಚಾರಿಸಬೇಕು.

ಗದ್ದಲ ಮಾಡುವವನ ತಪ್ಪು ಎಲ್ಲರಿಗೂ ಕಾಣುತ್ತದೆ. ಕಾಣದಂತಹ ತಪ್ಪು ಒಂದಿದೆ. ಅದು ದಯೆಯ ವೇಷದಲ್ಲಿ ಬರುತ್ತದೆ. ಅಜ್ಜಿಯು ಜಿಂಕೆಗಳ ಬೇಲಿಯ ಬಳಿ ಬಂದಾಗ ಒಂದು ಮರಿಯು ತಂತಿಯ ಹತ್ತಿರಕ್ಕೆ ಬಂದು ನಿಂತಿತು. ಆಕೆಯ ಕರುಳು ಚುರುಕ್ಕೆಂದಿತು. ಬುತ್ತಿಯ ಚೀಲದಿಂದ ಒಂದು ಬಾಳೆಯ ಹಣ್ಣನ್ನು ತೆಗೆದು ಚಾಚಿದಳು. ಕಾವಲಿನವನು ಓಡಿಬಂದು, “ಅಮ್ಮಾ, ಕೊಡಬೇಡಿ” ಎಂದನು. ಆಕೆಗೆ ಸಿಟ್ಟು ಬಂದಿತು. “ಏನಪ್ಪಾ, ಹಸಿದ ಬಾಯಿಗೆ ಒಂದು ಹಣ್ಣು ಕೊಟ್ಟರೆ ತಪ್ಪೇ? ನಮ್ಮ ಮನೆಗೆ ಬಂದವರನ್ನು ಉಣ್ಣಿಸದೆ ನಾವು ಕಳಿಸಿದವರಲ್ಲ.” ಕಾವಲಿನವನು ತಾಳ್ಮೆಯಿಂದ ಉತ್ತರ ಕೊಟ್ಟನು: “ಅದು ಹಸಿದಿಲ್ಲಮ್ಮಾ. ಬೆಳಗ್ಗೆ ಸೊಪ್ಪು ತಿಂದಿದೆ. ಇವತ್ತು ಬಂದವರೆಲ್ಲ ಒಂದೊಂದು ಹಣ್ಣು ಕೊಟ್ಟರೆ ಅದಕ್ಕೆ ಹೊಟ್ಟೆ ಕೆಡುತ್ತದೆ. ಕೆಲವರು ಪ್ಲಾಸ್ಟಿಕ್ ಸಮೇತ ಎಸೆದುಬಿಡುತ್ತಾರೆ.” ಅಜ್ಜಿಯು ಹಣ್ಣನ್ನು ಚೀಲಕ್ಕೆ ಹಾಕಿಕೊಂಡಳು. ಬಹಳ ಹೊತ್ತು ಮಾತನಾಡಲಿಲ್ಲ.

ಆ ಹಿರಿಯಳ ಮನಸ್ಸಿಗೆ ನೋವಾದುದು ಸಹಜ. ಅನ್ನವಿಕ್ಕುವುದನ್ನೇ ಬಾಳಿನ ದೊಡ್ಡ ಧರ್ಮವೆಂದು ನಂಬಿ ನಡೆದ ಕೈ ಅದು. ಸಕಲ ಪ್ರಾಣಿಗಳಲ್ಲಿಯೂ ದಯೆಯಿರಬೇಕೆಂಬುದು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಈ ನಾಡಿಗೆ ಕಲಿಸಿದ ಪಾಠ. ಅದನ್ನು ಆಕೆ ಓದಿ ಕಲಿತವಳಲ್ಲ, ಉಂಡು ಉಣ್ಣಿಸಿ ಕಲಿತವಳು. ಆದರೆ ದಯೆಯೆಂಬುದು ಕೊಡುವವನ ಸಂತೋಷದಿಂದ ಅಳೆಯತಕ್ಕ ವಸ್ತುವಲ್ಲ. ಪಡೆಯುವ ಜೀವದ ಹಿತದಿಂದ ಅಳೆಯತಕ್ಕದ್ದು. ದಾಸೋಹದಲ್ಲಿಯೂ ಇದೇ ಸೂಕ್ಷ್ಮವಿದೆ. ಬಂದವನ ಹಸಿವನ್ನು ತಿಳಿದು ನೀಡಿದರೆ ದಾಸೋಹ. ತನ್ನ ಕೈಯ ಹಿರಿಮೆಗಾಗಿ ನೀಡಿದರೆ ಆಡಂಬರ. ಜಿಂಕೆಯು ತನ್ನ ಕೈಯಿಂದಲೇ ತಿನ್ನಲೆಂಬ ಆಸೆಯಲ್ಲಿ ಜಿಂಕೆಯ ಹಿತಕ್ಕಿಂತ ತನ್ನ ಸುಖವೇ ಹೆಚ್ಚಾಗಿರುತ್ತದೆ. ಅರಿವಿಲ್ಲದ ಕರುಣೆಯು ಕೆಲವೊಮ್ಮೆ ಕ್ರೌರ್ಯದಷ್ಟೇ ಕೇಡು ಮಾಡಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಸೇರಿಸಲ್ಪಟ್ಟ ಮೃಗಾಲಯಗಳ ಅಧ್ಯಾಯವು, ಪ್ರಾಣಿಗಳನ್ನು ಕೆಣಕುವುದನ್ನೂ ಗದ್ದಲದಿಂದ ಕಾಡುವುದನ್ನೂ ನಿಷೇಧಿಸಿರುವಂತೆಯೇ, ನೋಡಬಂದವರು ಅವುಗಳಿಗೆ ತಿನ್ನಿಸುವುದನ್ನೂ ನಿಷೇಧಿಸಿದೆ. ಕಲ್ಲನ್ನೂ ಹಣ್ಣನ್ನೂ ಕಾಯಿದೆಯು ಒಂದೇ ಸಾಲಿನಲ್ಲಿ ಇಟ್ಟಿತಲ್ಲ ಎಂದು ಮೊದಲು ಆಶ್ಚರ್ಯವಾಗಬಹುದು. ಜಿಂಕೆಯ ಹೊಟ್ಟೆಯಿಂದ ಯೋಚಿಸಿದರೆ ಆಶ್ಚರ್ಯವು ನಿಲ್ಲುವುದಿಲ್ಲ.

ಜೀವವನ್ನು ಸಾಕುವ ಭಾರವೆಂತಹುದು ಎಂಬುದನ್ನು ನಾಡು ಒಮ್ಮೆ ಕಣ್ಣಾರೆ ಕಂಡಿತು. 2020 ಮತ್ತು 2021ರಲ್ಲಿ ಕೊರೋನಾ ಮಹಾಮಾರಿಯ ಕಾರಣದಿಂದ ವಿಹಾರಸ್ಥಳಗಳೆಲ್ಲವೂ ಬಾಗಿಲು ಹಾಕಿದವು. ಆಟದ ಯಂತ್ರಗಳಿಗೆ ಬೀಗ ಹಾಕಿ, ಮೇಲೆ ಹೊದಿಕೆ ಹೊದಿಸಿ ಮನೆಗೆ ಹೋಗಬಹುದಾಗಿತ್ತು. ಹುಲಿಗೆ ಹೊದಿಕೆ ಹೊದಿಸಿ ಹೋಗುವಂತಿರಲಿಲ್ಲ. ಟಿಕೆಟ್ಟಿನ ಹಣ ಬಾರದಿದ್ದರೂ ಮಾಂಸವನ್ನು ತರಬೇಕು, ಸೊಪ್ಪನ್ನು ಕತ್ತರಿಸಬೇಕು, ಕೊಟ್ಟಿಗೆಯನ್ನು ತೊಳೆಯಬೇಕು. ಸಾಕುವವರು ಪ್ರತಿದಿನವೂ ಹೋದರು. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಲ್ಲಿಯೂ ರಾಜ್ಯದ ಇತರ ಮೃಗಾಲಯಗಳಲ್ಲಿಯೂ ಅನೇಕ ಜನರು ಒಂದೊಂದು ಪ್ರಾಣಿಯ ಆಹಾರದ ವೆಚ್ಚವನ್ನು ವಹಿಸಿ ಅವುಗಳನ್ನು ದತ್ತು ಪಡೆದರು. ಅವರಲ್ಲಿ ಹಲವರಿಗೆ ಆ ಪ್ರಾಣಿಗಳನ್ನು ನೋಡುವ ಅವಕಾಶವೂ ಆಗ ಇರಲಿಲ್ಲ. ನೋಡದೆ ಕೊಟ್ಟವರು ಅವರು. ಹಣ ಕೊಟ್ಟಿದ್ದೇವೆ, ಏಳಬೇಕು ಎನ್ನುವ ಮನಸ್ಸಿಗೂ, ಹಣ ಕೊಟ್ಟಿದ್ದೇವೆ, ಬಾಳಲಿ ಎನ್ನುವ ಮನಸ್ಸಿಗೂ ಇರುವ ಅಂತರವನ್ನು ಇಲ್ಲಿ ಕಾಣಬಹುದು.

ಸಾಕುವವರ ಕೆಲಸವು ನೋಡಬಂದವರ ಗಮನಕ್ಕೆ ಬರುವುದೇ ಅಪರೂಪ. ಹುಲಿಯನ್ನು ಕಂಡವರು ಅದರ ಕೊಟ್ಟಿಗೆಯನ್ನು ಮುಂಜಾನೆ ತೊಳೆದವನನ್ನು ಕಾಣುವುದಿಲ್ಲ. ಅನೇಕ ಮೃಗಾಲಯಗಳಲ್ಲಿ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಗಳಿಗೆ ವಾರದಲ್ಲಿ ಒಂದು ದಿನ ಉಪವಾಸವನ್ನು ಇಡುವ ಪದ್ಧತಿಯಿದೆ. ಕಾಡಿನಲ್ಲಿ ಅವಕ್ಕೆ ಪ್ರತಿದಿನವೂ ಬೇಟೆ ಸಿಗುವುದಿಲ್ಲವಾದುದರಿಂದ ಅದೇ ಅವುಗಳ ದೇಹಕ್ಕೆ ಹಿತ. ಹಸಿದು ನೋಡುವ ಪ್ರಾಣಿಯ ಕಣ್ಣೆದುರಿನಲ್ಲಿ ಕೈಯನ್ನು ತಡೆದು ನಿಲ್ಲುವುದಕ್ಕೂ ಪ್ರೀತಿ ಬೇಕು. ಹಾಗೆ ಅರಿತು ಮಾಡುವ ದುಡಿಮೆಗೆ ಕಾಯಕವೆಂಬ ಹೆಸರು ಒಪ್ಪುತ್ತದೆ.

ಒಂದು ಜೀವವನ್ನು ಅದರ ಇಚ್ಛೆಯನ್ನು ಕೇಳದೆ ನೋಡಿ ಸಂತೋಷಪಟ್ಟವನು ಆ ಜೀವಕ್ಕೆ ಏನನ್ನೋ ಸಲ್ಲಿಸಬೇಕಾಗಿದೆ. ಟಿಕೆಟ್ಟಿನ ಹಣವು ಬೇಲಿಯ, ಕಾವಲಿನ, ಆಹಾರದ ವೆಚ್ಚಕ್ಕೆ ಸಂದುಹೋಗುತ್ತದೆ. ನೋಟದ ಋಣವು ಹಾಗೆಯೇ ಉಳಿಯುತ್ತದೆ. ಬೇಲಿಯ ಮುಂದೆ ಸುಮ್ಮನೆ ನಿಲ್ಲುವುದು, ಮಗುವಿನ ಕೈಯ ಕಲ್ಲನ್ನು ಕೆಳಗೆ ಹಾಕಿಸಿ ಏಕೆಂದು ತಿಳಿಸುವುದು, ಹುಲಿಯು ಏಳದಿದ್ದರೆ ಅದರ ನಿದ್ರೆಯನ್ನೇ ನೋಡಿ ತೃಪ್ತನಾಗುವುದು ಆ ಋಣದ ಬಡ್ಡಿ ಮಾತ್ರ. ಅಸಲು ಇರುವುದು ಬೇಲಿಯ ಹೊರಗೆ, ತನ್ನ ಊರಿನಲ್ಲಿ, ತನ್ನ ಹೊಲದಲ್ಲಿ.

ಚಿರತೆಯ ಬೇಲಿಯ ಮುಂದೆ ನಿಂತಾಗ ಆ ಒಕ್ಕಲಿಗನಾದ ತಂದೆಗೆ ಇದು ಹೊಳೆಯಿತು. ಹುಡುಗನು ಸಂತೋಷದಿಂದ, “ಅಪ್ಪಾಜಿ, ನಮ್ಮ ಊರಿನ ಗುಡ್ಡದಲ್ಲಿ ಇರುವುದೂ ಇದೇ ಅಲ್ಲವೇ?” ಎಂದು ಕೇಳಿದನು. ಇದೇ. ಆ ಗುಡ್ಡದ ಕೆಳಗಿನ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಕಾಡುಹಂದಿಗಾಗಿ ಅವನೇ ತಂತಿಯ ಉರುಳನ್ನು ಒಡ್ಡಿದ್ದನು. ಅವನೊಬ್ಬನೇ ಅಲ್ಲ, ಅಕ್ಕಪಕ್ಕದವರೂ ಒಡ್ಡಿದ್ದರು. ಹಂದಿಯು ಒಂದೇ ರಾತ್ರಿಯಲ್ಲಿ ವರ್ಷದ ಬೆಳೆಯನ್ನು ನೆಲಸಮ ಮಾಡಿದ ಸಂಕಟವನ್ನು ಅನುಭವಿಸಿದವರ ಕೈ ಅದು. ಅದನ್ನು ದೂರದಲ್ಲಿ ಕುಳಿತು ನಿಂದಿಸುವುದು ಸುಲಭ. ಆದರೆ ಉರುಳಿಗೆ ಹಂದಿಯ ಗುರುತು ಗೊತ್ತಿಲ್ಲ. ಅದೇ ದಾರಿಯಲ್ಲಿ ಬರುವ ಚಿರತೆಯ ನಡುವನ್ನೋ ಕಾಲನ್ನೋ ಅದು ಬಿಗಿಯುತ್ತದೆ. ಹಾಗೆ ಸಿಕ್ಕಿದ ಚಿರತೆಗಳು ಬೆಳಗಾಗುವುದರೊಳಗೆ ಸತ್ತ, ಇಲ್ಲವೆ ಗಾಯಗೊಂಡು ಕಾಡಿಗೆ ಮರಳಲಾರದೆ ಬೋನಿನಲ್ಲಿಯೇ ಉಳಿದ ಪ್ರಸಂಗಗಳು ಈ ನಾಡಿನಲ್ಲಿ ನಡೆದಿವೆ. ವನ್ಯಪ್ರಾಣಿಗೆ ಉರುಳೊಡ್ಡುವುದು ಕಾಯಿದೆಗೂ ವಿರುದ್ಧ. ಮಗನಿಗೆ ಚಿರತೆಯನ್ನು ತೋರಿಸಿ ನಗಿಸಲೆಂದು ಬಂದವನು, ಅದೇ ಚಿರತೆಗೆ ತನ್ನ ಬದುವಿನಲ್ಲಿ ಏನನ್ನು ಇಟ್ಟುಬಂದಿದ್ದಾನೆಂಬುದನ್ನು ಮಗನಿಗೆ ಹೇಳಲಾರದೆ ಹೋದನು. “ಹೌದು, ಇದೇ” ಎಂದಷ್ಟೇ ಹೇಳಿದನು.

ರಾತ್ರಿಯ ಬಸ್ಸಿನಲ್ಲಿ ಹುಡುಗನು ಅಜ್ಜಿಯ ತೊಡೆಯ ಮೇಲೆ ಮಲಗಿ ನಿದ್ರಿಸಿದನು. ಕೊಡದೆ ಉಳಿದ ಹಣ್ಣನ್ನು ಅವನೇ ತಿಂದಿದ್ದನು. ತಂದೆಗೆ ನಿದ್ರೆ ಬರಲಿಲ್ಲ. ಹಂದಿಯನ್ನು ತಡೆಯಲು ಬೇಲಿ ಬಿಗಿಮಾಡಬೇಕು, ಬೆಳೆಯ ಕಾಲದಲ್ಲಿ ಸರದಿಯ ಮೇಲೆ ಕಾವಲು ಇರಬೇಕು, ಬೆಳೆನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಅಲೆಯಬೇಕು. ಇವೆಲ್ಲವೂ ಶ್ರಮದ ಮಾತುಗಳು, ಉರುಳು ಅಗ್ಗದ್ದು. ಅಗ್ಗವಾದುದನ್ನು ಬಿಟ್ಟು ಶ್ರಮವಾದುದನ್ನು ಹಿಡಿಯುವ ಈ ಸ್ಥಳದಲ್ಲಿಯೇ ದಯೆಯು ಬರಿಯ ಮಾತೋ, ನಡತೆಯೋ ಎಂಬುದು ನಿರ್ಧಾರವಾಗುತ್ತದೆ. ಊರು ಸೇರಿದ ಮರುದಿನ ಅವನು ಹೊಲಕ್ಕೆ ಹೋಗಿ ಆ ತಂತಿಯನ್ನು ಬಿಚ್ಚಿ ಸುತ್ತಿ ತಂದರೆ ಪಿಲಿಕುಳದಲ್ಲಿ ಮಾಡಿದ ಋಣವು ತೀರಲು ಮೊದಲಾಯಿತು. ಬಿಚ್ಚದೆ ಬಿಟ್ಟರೆ, ಆ ಮೂರು ಗಂಟೆಗಳಲ್ಲಿ ಹುಲಿಯನ್ನೂ ಜಾರುಬಂಡೆಯನ್ನೂ ಅವನು ಒಂದೇ ಕಣ್ಣಿನಿಂದ ನೋಡಿಬಂದಂತಾಯಿತು.